ಬಾಣಕ್ಕಿಂತ ಮೊದಲು ಹೆಗಲು ಎಣಿಸಬೇಕು

ಸೆಪ್ಟೆಂಬರಿನಲ್ಲಿ ಬಿಲ್ಲು ಹಿಡಿದು ಎಲ್ಕ್ ಬೇಟೆಗೆ ಹೋಗುತ್ತೇನೆ ಎಂದು ಹೇಳಿದಾಗ ಮೂಡಿಗೆರೆಯಲ್ಲಿರುವ ಅಮ್ಮ ಫೋನಿನಲ್ಲಿ ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಕೆಲಸ ಹೋಯಿತೇನೋ?" ಎಂದು ಕೇಳಿದರು.

ಕೆಲಸ ಹೋಗಿಲ್ಲ. ಅಮೆರಿಕದ ಕೊಲರಾಡೊ ರಾಜ್ಯಕ್ಕೆ ಬಂದು ಹನ್ನೊಂದು ವರ್ಷವಾಯಿತು. ಶರತ್ಕಾಲ ಬಂತೆಂದರೆ ಕಚೇರಿಯ ಅರ್ಧ ಜನ ರಜೆ ಹಾಕಿ ಗುಡ್ಡ ಹತ್ತುತ್ತಾರೆ. ಈ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿವೆ. ಎಲ್ಕ್ ಎಂದರೆ ನಮ್ಮ ಕಡವೆಯ ನೆಂಟ. ದಕ್ಷಿಣ ಭಾರತಕ್ಕೆ ಬಂದ ಬ್ರಿಟಿಷ್ ಷಿಕಾರಿಗಳು ಕಡವೆಯನ್ನೇ ಎಲ್ಕ್ ಎಂದು ಕರೆದು ಹೆಸರನ್ನು ಗೊಂದಲ ಮಾಡಿಟ್ಟಿದ್ದಾರೆ. ಆದರೆ ಇಲ್ಲಿನ ಗಂಡು ಸುಮಾರು 300 ಕಿಲೊ ತೂಗುತ್ತದೆ. ಈ ತೂಕವನ್ನು ನೆನಪಿಟ್ಟುಕೊಳ್ಳಿ, ನನ್ನ ತಕರಾರೆಲ್ಲ ಅದರ ಬಗ್ಗೆಯೇ.

ಬಿಲ್ಲೇ ಏಕೆ ಎಂದರೆ, ವೀಸಾದ ಮೇಲೆ ಇದ್ದ ಕಾಲದಲ್ಲಿ ಬಂದೂಕು ಇಟ್ಟುಕೊಳ್ಳುವುದಕ್ಕೆ ಕೇಂದ್ರ ಕಾನೂನಿನ ತೊಡಕುಗಳಿದ್ದವು, ಬಿಲ್ಲಿಗೆ ಅಂಥದ್ದೇನೂ ಇರಲಿಲ್ಲ. ಆಗ ಕೈಗೆ ಹತ್ತಿದ ಚಟ ಇದು. ಬಿಲ್ಲಿಗೆ ಬೇರೆಯ ಕಟ್ಟಳೆಗಳಿವೆ. ಎಳೆಯುವ ಬಲ ಕನಿಷ್ಠ 35 ಪೌಂಡ್ ಇರಬೇಕು. ಋತು ಸೆಪ್ಟೆಂಬರ್ 2ರಿಂದ 30ರವರೆಗೆ. 1949ರಿಂದ ಈಚೆಗೆ ಹುಟ್ಟಿದ ಪ್ರತಿಯೊಬ್ಬರೂ ಬೇಟೆಯ ತರಬೇತಿಯ ಪ್ರಮಾಣಪತ್ರ ಪಡೆದಿರಬೇಕು. ಹೊರರಾಜ್ಯದವರು ಪರವಾನಗಿಗೆ ನಮ್ಮ ಹತ್ತು ಪಟ್ಟಿಗಿಂತ ಹೆಚ್ಚು ಹಣ ಕೊಡಬೇಕು. 2025ರಿಂದ ಎಲ್ಕ್ ಇರುವ ಪಶ್ಚಿಮದ ಗುಡ್ಡಗಳಲ್ಲಿ ಬಿಲ್ಲಿನ ಬೇಟೆಗೆ ಅವರು ಲಾಟರಿಯಲ್ಲಿಯೇ ಗೆದ್ದು ಬರಬೇಕಾಗಿದೆ. ಕೊಂದದ್ದು ಗಂಡೋ ಹೆಣ್ಣೋ ಎಂಬ ಗುರುತು ಸಾಗಿಸುವಾಗಲೂ ಮಾಂಸಕ್ಕೆ ಅಂಟಿಕೊಂಡೇ ಇರಬೇಕು. ಇದನ್ನು ಅಮ್ಮನಿಗೆ ವಿವರಿಸುವ ಧೈರ್ಯ ನನಗೆ ಬರಲಿಲ್ಲ.

ಇಷ್ಟು ಕಾಗದಪತ್ರ ನೋಡಿಕೊಳ್ಳುವ ಜನ ಯೋಜನೆ ಎಂದ ಕೂಡಲೇ ಮಾತನಾಡುವುದು ಸಾಮಾನಿನ ಬಗ್ಗೆ. ಯಾವ ಬಿಲ್ಲು, ಯಾವ ಬೂಟು, ಎಷ್ಟು ಗ್ರಾಂ ತೂಕದ ಡೇರೆ. ಒಬ್ಬನೇ ಹೋಗಿ, ರಸ್ತೆಯಿಂದ ಆದಷ್ಟು ಒಳಗೆ ನಡೆದು, ಒಬ್ಬನೇ ಹೊಡೆಯುವುದು ಅವರ ಕಣ್ಣಿಗೆ ದೊಡ್ಡ ಮಾತು. ನನ್ನ ಸಹೋದ್ಯೋಗಿಯೊಬ್ಬ ನಕಾಶೆಯಲ್ಲಿ ಒಂದು ಕಣಿವೆ ತೋರಿಸಿ, "ರಸ್ತೆಯಿಂದ ಐದು ಕಿಲೊಮೀಟರ್, ಅಲ್ಲಿಗೆ ಯಾರೂ ಬರುವುದಿಲ್ಲ" ಎಂದು ಹೆಮ್ಮೆಯಿಂದ ಹೇಳಿದ. ಯಾರೂ ಏಕೆ ಬರುವುದಿಲ್ಲ ಎಂದು ಲೆಕ್ಕ ಹಾಕಿ ನೋಡಿದೆ. ದೊಡ್ಡ ಗಂಡನ್ನು ಬಿಡಿಸಿದರೆ ಮೂಳೆ ಬಿಟ್ಟು ಸುಮಾರು 90 ಕಿಲೊ ಮಾಂಸ. ಒಂದು ಸಲಕ್ಕೆ 30 ಕಿಲೊ ಹೊತ್ತರೂ ಮೂರು ಸಲ ಹೊರಬೇಕು, ನಡುವೆ ಎರಡು ಸಲ ಬರಿ ಬೆನ್ನಿನಲ್ಲಿ ವಾಪಸು ನಡೆಯಬೇಕು. ಒಟ್ಟು 25 ಕಿಲೊಮೀಟರ್, ಅದೂ 3,000 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 1,930 ಮೀಟರ್. ಸೆಪ್ಟೆಂಬರಿನ ಮಧ್ಯಾಹ್ನದ ಬಿಸಿಲು ಮಾಂಸವನ್ನು ಕಾಯುವುದಿಲ್ಲ. ಕೂಡಲೇ ಚರ್ಮ ಸುಲಿದು, ತೊಡೆ ಮುಂಗಾಲು ಬಿಡಿಸಿ, ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿ ನೆರಳಿಗೆ ತೂಗುಹಾಕಬೇಕು. ಕರಡಿ ಬರುವುದರೊಳಗೆ ಹೊತ್ತು ಮುಗಿಸಬೇಕು. ತಿನ್ನುವ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಕೊಂಬು ಮಾತ್ರ ತಂದರೆ ಇಲ್ಲಿ ಅದು ದೊಡ್ಡ ಅಪರಾಧ.

ನನ್ನ ಅಜ್ಜ 1972ರ ವನ್ಯಜೀವಿ ಕಾಯ್ದೆಗೂ ಮುಂಚಿನ ಈಡುಗಾರ. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯವರು. ಅವರ ಕಥೆಗಳಲ್ಲಿ ಗುಂಡು ಹಾರಿಸಿದ್ದು ಒಂದೇ ಸಾಲು. ಹಳುವಿನಲ್ಲಿ ಸೋವಿ ಪ್ರಾಣಿಯನ್ನು ಎಬ್ಬಿಸಿದವರು ಯಾರು, ಅದು ಹಾಯುವ ಗಂಡಿಯಲ್ಲಿ ಕೂತವರು ಯಾರು, ಬಿದ್ದ ಪ್ರಾಣಿಯನ್ನು ಬಿದಿರಿನ ಗಳುವಿಗೆ ಕಟ್ಟಿ ಹೊತ್ತವರು ಯಾರು ಎಂಬುದೇ ಉಳಿದ ಕಥೆ. ಹೋದವರಿಗೆಲ್ಲ ಪಾಲು, ಕೋವಿಗೊಂದು, ನಾಯಿಗೊಂದು. ನಾಯಿಗೆ ನಮ್ಮಲ್ಲಿ ಹಳೆಯ ಮರ್ಯಾದೆಯಿದೆ. ಕ್ರಿ.ಶ. 949-50ರ ಆತಕೂರಿನ ಶಾಸನದ ಕಲ್ಲಿನಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಹೆಸರು ಇಂದಿಗೂ ಓದಲು ಸಿಗುತ್ತದೆ. ಕೊಲರಾಡೊದಲ್ಲಿ ನಾಯಿ ಬಿಟ್ಟು ಎಲ್ಕ್ ಬೇಟೆಯಾಡುವಂತಿಲ್ಲ, ಅದು ಬೇರೆ ಮಾತು.

ಅಜ್ಜನ ಕಾಲ ಚಿನ್ನದಂಥದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮ ಕಡೆಯ ಕೆಲವು ಹಿರಿಯರು ಇಂದಿಗೂ ಷಿಕಾರಿಯ ನೆನಪಿನಲ್ಲಿ ಬಾಯಿ ಚಪ್ಪರಿಸುವುದನ್ನು ಕೇಳಿದರೆ ನನಗೆ ಕಸಿವಿಸಿಯಾಗುತ್ತದೆ. ಗಬ್ಬದ ಕಡವೆಯನ್ನೂ ಬಿಡದ ಬೇಟೆಗಳು ಅವು, ಕಾಯ್ದೆ ಬಾರದಿದ್ದರೆ ನಮ್ಮ ಕಾಡಿನಲ್ಲಿ ಹೊಡೆಯಲೂ ನೋಡಲೂ ಏನೂ ಉಳಿಯುತ್ತಿರಲಿಲ್ಲ. ಅಮೆರಿಕದವರೂ ತಮ್ಮ ಎಲ್ಕ್‌ಗಳನ್ನು ಹೊಡೆದು ಮುಗಿಸುತ್ತ ಬಂದವರೇ. ಕಳೆದ ಶತಮಾನದ ಆರಂಭದಲ್ಲಿ ಕೊಲರಾಡೊದಲ್ಲಿ ತೀರ ಕೆಲವೇ ಉಳಿದು, ಪಕ್ಕದ ವಯೋಮಿಂಗಿನಿಂದ ತಂದು ಬಿಡಬೇಕಾಯಿತು. 1937ರ ಕಾನೂನೊಂದು ಬಂದೂಕಿನ ಮಾರಾಟದ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟಿತು. 1972ರಲ್ಲಿ ಅದಕ್ಕೆ ಬಿಲ್ಲುಬಾಣಗಳೂ ಸೇರಿದವು. ನಾವು ಬೇಟೆಗೆ ಕಾಯ್ದೆಯ ಬೇಲಿ ಹಾಕಿದ ವರ್ಷವೇ ಇವರು ಬಿಲ್ಲುಗಾರನ ಜೇಬಿಗೂ ಕೈ ಹಾಕಿದರು. ಎರಡೂ ಆಯಾ ನೆಲಕ್ಕೆ ಸರಿ ಎಂದೇ ನನ್ನ ಅನಿಸಿಕೆ. ಇಲ್ಲಿನ ಪದ್ಧತಿಯನ್ನು ಮಲೆನಾಡಿಗೆ ತರಬೇಕು ಎನ್ನುವವರ ಜೊತೆ ನಾನಿಲ್ಲ.

ಕಾನೂನಿನ ಮಟ್ಟಿಗೆ ನಾನು ಇಲ್ಲಿನವರ ಶಿಷ್ಯ. ಗಾಳಿಯ ವಿಷಯದಲ್ಲೂ ಅಷ್ಟೆ. ಮುಂಜಾನೆ ತಂಪುಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ಬಿಸಿಲೇರಿದಂತೆ ತಿರುಗಿ ಮೇಲೇಳುತ್ತದೆ. ಎಲ್ಕ್‌ನ ಕಣ್ಣನ್ನು ಒಮ್ಮೊಮ್ಮೆ ಮೋಸ ಮಾಡಬಹುದು, ಮೂಗನ್ನು ಆಗುವುದಿಲ್ಲ. ನಾನು ವಾಸನೆಯಿಲ್ಲದ ಪುಡಿಯನ್ನು ಗಾಳಿಗೆ ಊದಿ ನೋಡುತ್ತೇನೆ. ಅಜ್ಜ ಬೀಡಿಯ ಹೊಗೆಯಲ್ಲಿ ಗಾಳಿ ನೋಡುತ್ತಿದ್ದರಂತೆ, ಕೆಲವು ಸಲ ಬರಿಗೈಯಲ್ಲಿ ಬಂದದ್ದಕ್ಕೆ ಕಾರಣ ಅದೇ ಇರಬೇಕು.

ಆದರೆ ಜನ ಕಟ್ಟುವುದು ಅಜ್ಜನಿಂದಲೇ ಕಲಿಯಬೇಕಾದದ್ದು. ಹಾಗಾಗಿ ನನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಬಾಣಗಳಿಲ್ಲ, ನಾಲ್ಕು ಹೆಸರುಗಳಿವೆ. ಹೆಗಲು ಎಣಿಸಿದ ಮೇಲೆಯೇ ಕಣಿವೆ ಆರಿಸಿದೆ, ರಸ್ತೆಯಿಂದ ಎರಡೂವರೆ ಕಿಲೊಮೀಟರ್ ಒಳಗೆ. ಅಲ್ಲಿ ಬೇರೆ ಬೇಟೆಗಾರರೂ ಇರುತ್ತಾರೆ, ಇರಲಿ. ಪ್ರತಿ ಶನಿವಾರ ಬೆನ್ನಿನ ಚೀಲಕ್ಕೆ ಒಂಬತ್ತು ಕಿಲೊದ ಸೋನಾ ಮಸೂರಿ ಚೀಲಗಳನ್ನು ಮೂರು ತುಂಬಿಕೊಂಡು ಮನೆಯ ಹಿಂದಿನ ಗುಡ್ಡ ಹತ್ತುತ್ತೇವೆ.

ನಾಲ್ವರಲ್ಲಿ ಒಬ್ಬ ಶಿವಮೊಗ್ಗದ ಗೆಳೆಯ. ಅವನು ಮಾಂಸ ಮುಟ್ಟುವವನಲ್ಲ, ಹೊರಲು ಮಾತ್ರ ಒಪ್ಪಿದ್ದಾನೆ. ಅಜ್ಜನ ಲೆಕ್ಕದಲ್ಲಿ ಬಂದವನಿಗೆ ಪಾಲು ಕೊಡಲೇಬೇಕು. ಏನು ಕೊಡಲಿ ಎಂದು ಕೇಳಿದರೆ, "ಕೊಂಬು ಕೊಟ್ಟುಬಿಡು, ಅಂಗಿ ತೂಗುಹಾಕುತ್ತೇನೆ" ಎಂದ. ಕೊಂಬಿಗಾಗಿಯೇ ಬರುತ್ತಿರುವ ಸಹೋದ್ಯೋಗಿ ಅಂದಿನಿಂದ ಅವನೊಡನೆ ಮಾತು ಬಿಟ್ಟಿದ್ದಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಇಬ್ಬರಿಗೂ ಹೇಳಿ ನೋಡಿದೆ. ಸಹೋದ್ಯೋಗಿಗೆ ಕುಲಾವಿ ಎಂದರೇನು ಎಂದು ಬಿಡಿಸಿ ಹೇಳುವುದರಲ್ಲೇ ಶನಿವಾರದ ಗುಡ್ಡ ಮುಗಿಯಿತು.