"ಸರಳೆ ಮುಗೀತಾ?"

ಮಗುವನ್ನು ಕರ್ನಾಟಕ ಸಂಗೀತ ಪಾಠಕ್ಕೆ ಸೇರಿಸಿ ಮೂರು ತಿಂಗಳಾಗುವಷ್ಟರಲ್ಲಿ ಅಪ್ಪ ಅಮ್ಮ ಕೇಳುವ ಪ್ರಶ್ನೆ ಇದು. ಸರಳೆ ಅಂದರೆ ಸ್ವರಗಳನ್ನು ಏರಿಸಿ ಇಳಿಸಿ ಹಾಡುವ ಮೊದಲ ಪಾಠ. ಮುಗಿಸೋದೇನು ಕಷ್ಟವಿಲ್ಲ, ಬಾಯಿಪಾಠಕ್ಕೆ ಹದಿನೈದು ದಿನ ಧಾರಾಳ. ಗಂಟಲಿಗೆ ಬಂತಾ ಅನ್ನೋದು ಬೇರೆ ಮಾತು. ಅದನ್ನು ಕೇಳುವ ವ್ಯವಧಾನ ಈಗ ಯಾರಿಗಿದೆ? ವರ್ಷಕ್ಕೆ ಎಷ್ಟು ಕೃತಿ ಅನ್ನೋದೇ ಲೆಕ್ಕ, ರೀಲ್ಸಿಗೆ ಮೂವತ್ತು ಸೆಕೆಂಡು ಸಿಕ್ಕರೆ ಸಾಕು.

ಪುರಂದರದಾಸರು ಹಾಕಿಕೊಟ್ಟದ್ದು ಎಂದು ನಂಬಿಕೊಂಡು ಬಂದಿರುವ ಈ ಪಾಠ ಮಾಯಾಮಾಳವಗೌಳ ರಾಗದಲ್ಲಿದೆ, 15ನೇ ಮೇಳ (ಮೂಲ ರಾಗ). ಸ-ರಿ, ಗ-ಮ, ಪ-ದ, ನಿ-ಸ ಅಕ್ಕಪಕ್ಕದ ಮನೆಗಳು. ರಿ-ಗ, ದ-ನಿ ನಡುವೆ ದೊಡ್ಡ ಜಿಗಿತ. ಕಲಿಯುವವರ ಶುದ್ಧ ರಿಷಭ, ಅಂದರೆ ಸ ಪಕ್ಕದ ತಗ್ಗಿನ ರಿ, ಮೇಲಕ್ಕೆ ಜಾರಿ ಅದಕ್ಕಿಂತ ಎತ್ತರದ ಚತುಶ್ರುತಿ ರಿಷಭದ ಕಡೆ ಹೊರಡುತ್ತದೆ. ಇಳಿಯುವಾಗ ಗಾಂಧಾರ (ಗ) ತಗ್ಗುತ್ತದೆ. ಆಗ ಮುಂದಿನ ವರಸೆಗೆ (ಸ್ವರಗಳ ಸಾಲಿಗೆ) ಹೋಗಬೇಡಿ. ತಂಬೂರಿ ಹಾಕಿ ಸ-ರಿ-ಸ ಇಷ್ಟನ್ನೇ ಉಸಿರು ಇರುವಷ್ಟು ಎಳೆದು ಹಾಡಿಸಿ, ಆಮೇಲೆ ಅದನ್ನೇ ಅಕಾರದಲ್ಲಿ, ಬರೀ 'ಆ' ಎಂದು. ಸ್ವರದ ಹೆಸರು ಹೇಳುವಾಗ ಮುಚ್ಚಿಹೋಗುವ ತಪ್ಪು ಅಕಾರದಲ್ಲಿ ಬಯಲಾಗುತ್ತದೆ.

ಇನ್ನು ಮೂರು ಕಾಲ, ಅಂದರೆ ಮೂರು ವೇಗ. ಆದಿತಾಳದ 8 ಅಕ್ಷರಕ್ಕೆ (ಎಣಿಕೆಗೆ) ಮೊದಲ ಕಾಲದಲ್ಲಿ 8 ಸ್ವರ, ಎರಡನೆಯದರಲ್ಲಿ 16, ಮೂರನೆಯದರಲ್ಲಿ 32. ನಿಮಿಷಕ್ಕೆ 80 ಅಕ್ಷರದಂತೆ ಶುರುಮಾಡಿದರೆ ಮೂರನೇ ಕಾಲದಲ್ಲಿ 320 ಸ್ವರ, ಸೆಕೆಂಡಿಗೆ ಐದಕ್ಕೂ ಜಾಸ್ತಿ. ಹೊಸ ಗಂಟಲು ಅಷ್ಟನ್ನು ಬಿಡಿಬಿಡಿಯಾಗಿ ನುಡಿಯಲಾರದು, ಎಲ್ಲ ಕಲಸಿ ಹೋಗುತ್ತದೆ. ಇಲ್ಲವೇ ಮಗು ಜಾಣತನದಿಂದ ತಾಳವನ್ನೇ ನಿಧಾನ ಮಾಡುತ್ತದೆ, ಮನೆಯವರು ಚಪ್ಪಾಳೆ ತಟ್ಟುತ್ತಾರೆ! 50ಕ್ಕೆ ಇಳಿಸಿ, ಮೂರನೇ ಕಾಲ 200ಕ್ಕೆ ನಿಲ್ಲುತ್ತದೆ. ಕಣ್ಣು ಕೈಯ ಮೇಲಿರಲಿ. ಕಾಲ ಬದಲಾದರೂ ತೊಡೆಯ ಮೇಲೆ ಬೀಳುವ ಪೆಟ್ಟು ಬದಲಾಗಬಾರದು.

ಸರಳೆಯ ನಂತರ ಬರುವ, ಒಂದೊಂದು ಸ್ವರವನ್ನೂ ಜೋಡಿಯಾಗಿ ಹಾಡುವ ಜಂಟಿ ವರಸೆಯದು ಇದಕ್ಕಿಂತ ಸೂಕ್ಷ್ಮ. ಸಸ ರಿರಿ ಗಗ ಅನ್ನುವಾಗ ಒತ್ತು ಬೀಳಬೇಕಾದ್ದು ಎರಡನೆಯ ಸ್ವರಕ್ಕೆ, ಅದೂ ಕೆಳಗಿನ ಸ್ವರವನ್ನು ಚೂರು ತಾಗಿಸಿಕೊಂಡು. ಒತ್ತು ಮೊದಲನೆಯದಕ್ಕೆ ಬಿದ್ದರೆ ಬರೀ ಎರಡೆರಡು ಸಲ ಹೇಳಿದ ಹಾಗಾಗುತ್ತದೆ, ಗಮಕದ (ಸ್ವರದ ಬಳುಕಿನ) ಮೊದಲ ಪಾಠವೇ ತಪ್ಪಿಹೋಗುತ್ತದೆ.

"ಹಾಗಾದರೆ ಗೀತೆ ಯಾವಾಗ?" ಅನ್ನುವವರಿಗೆ: ವಾರಕ್ಕೊಮ್ಮೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ನೀವೇ ತಾಳ ಹಾಕುತ್ತಾ ಕೇಳಿ ನೋಡಿ. ಮೊದಮೊದಲು ಕಲಿಸುವ ಗೀತೆ "ಲಂಬೋದರ ಲಕುಮಿಕರ" ಇರೋದು ಮಲಹರಿ ರಾಗದಲ್ಲಿ, ಅದೇ 15ನೇ ಮೇಳದ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ಸರಳೆಯಲ್ಲಿ ಜಾರಿದ ರಿಷಭ ಅಲ್ಲಿಗೂ ಜೊತೆಗೇ ಬರುತ್ತದೆ, ಈ ಸಲ ಸಾಹಿತ್ಯದ ಹಿಂದೆ ಅಡಗಿಕೊಂಡು.