ನಗೆ ಗ್ಯಾಸಿನ ಕಾರು, ದೇವಿಮನೆ ಘಟ್ಟ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ರಸ್ತೆ ಸರಿ ಇಲ್ಲ ಎಂಬ ದೂರು ಹಳೆಯದಾಯಿತು. ಹೇಳಿ ಹೇಳಿ ಜನರಿಗೇ ಬೇಜಾರು ಬಂದಿದೆ. ಈಗ ಹೊಸ ದೂರು ಹುಟ್ಟಿದೆ: ಕಾರಿಗೆ ಪಿಕಪ್ ಸಾಲದು. ಶಿರಸಿ ಪಕ್ಕದ ಹಳ್ಳಿಯ ಹುಡುಗನೊಬ್ಬ ಇದಕ್ಕೆ ಮದ್ದು ಹುಡುಕಿಕೊಂಡಿದ್ದಾನೆ. ಅಪ್ಪನ ಹಳೆ ಡೀಸೆಲ್ ಸ್ವಿಫ್ಟಿಗೆ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಗ್ಯಾಸು, ಕೂರಿಸುತ್ತಾನಂತೆ. ಅವನ ದೋಸ್ತರೆಲ್ಲ ಅದನ್ನು ನಾಸ್ ಅಂತಾರೆ. ಚಾಲಿ ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಅಪ್ಪ ಕೊಂಡ ಕಾರು ಅದು. 1248 ಸಿಸಿ, 75 ಕುದುರೆಯ ಎಂಜಿನ್. ಲೀಟರಿಗೆ ಎಷ್ಟು ಕೊಡುತ್ತದೆ ಎಂಬುದೊಂದೇ ಅಪ್ಪನಿಗಿದ್ದ ಪ್ರಶ್ನೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದಾಗ ಕಂಪನಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಇನ್ನು ಇಂಥದ್ದು ಹೊಸದಾಗಿ ಸಿಗುವುದಿಲ್ಲ, ಇದ್ದದ್ದನ್ನು ಜೋಪಾನ ಮಾಡಬೇಕು ಅಂತ ಅಪ್ಪ ಸರ್ವೀಸು ತಪ್ಪಿಸಲಿಲ್ಲ. ಮಗನೂ ಜೋಪಾನವನ್ನೇ ಮಾಡುತ್ತಿದ್ದಾನೆ, ಸ್ವಲ್ಪ ಬೇರೆ ರೀತಿ.

ಕೆಲಸ ಹೀಗೆ. ಡಿಕ್ಕಿಯಲ್ಲಿ ಒಂದು ಸಿಲಿಂಡರ್, ಅದರಿಂದ ಎಂಜಿನ್ ತನಕ ಪೈಪು, ನಡುವೆ ಕರೆಂಟಿನ ವಾಲ್ವು, ಸ್ಟೇರಿಂಗ್ ಪಕ್ಕ ಒಂದು ಗುಂಡಿ. ಗುಂಡಿ ಒತ್ತಿದರೆ ದ್ರವ ಗ್ಯಾಸು ಗಾಳಿ ಹೋಗುವ ದಾರಿಗೆ ಚಿಮ್ಮುತ್ತದೆ. ಒಳಗೆ ಹೋಗಿ 300 ಡಿಗ್ರಿ ಬಿಸಿ ತಾಗುವ ಹೊತ್ತಿಗೆ ಒಡೆದು ಆಮ್ಲಜನಕ ಬಿಡಲು ಶುರು ಮಾಡುತ್ತದೆ. ತೂಕದ ಲೆಕ್ಕದಲ್ಲಿ ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 23 ಪಾಲು, ಇದರಲ್ಲಿ 36. ಎಂಜಿನ್ನಿಗೆ ಉಸಿರು ಜಾಸ್ತಿ ಸಿಗುತ್ತದೆ, ಇಂಧನ ಜಾಸ್ತಿ ಸುಡಬಹುದು.

ಇದೇನು ಹೊಸ ಬುದ್ಧಿ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರು ಯುದ್ಧವಿಮಾನಕ್ಕೆ ಇದನ್ನೇ ಕೂರಿಸಿದ್ದರು. ಅವರಿಗೆ ಕಾರಣ ಇತ್ತು. ಮೇಲಕ್ಕೆ ಹೋದಷ್ಟೂ ಗಾಳಿ ತೆಳು, ಎಂಜಿನ್ನಿಗೆ ಉಸಿರು ಸಾಲದು. ಕಾರವಾರ ಇರುವುದು ಸಮುದ್ರದ ಮಟ್ಟದಲ್ಲಿ. ಇದಕ್ಕಿಂತ ದಪ್ಪ ಗಾಳಿ ಬೇಕೆಂದರೆ ಬೈತಕೋಲ್ ಬಂದರಿನಲ್ಲಿ ನೀರಿಗೇ ಇಳಿಯಬೇಕು. ಶಿರಸಿಯಾದರೂ ಎಷ್ಟು ಎತ್ತರ? ಸುಮಾರು 600 ಮೀಟರ್.

ಇನ್ನೂ ಒಂದು ತಮಾಷೆ ಇದೆ. ಪೆಟ್ರೋಲ್ ಎಂಜಿನ್ನಿಗೆ ಗಾಳಿ ಅಳೆದು ಕೊಡುತ್ತಾರೆ, ಹಾಗಾಗಿ ಅಲ್ಲಿ ಈ ಗ್ಯಾಸಿಗೆ ಒಂದು ಅರ್ಥವಿದೆ. ಡೀಸೆಲ್ ಎಂಜಿನ್ ಹಾಗಲ್ಲ. ಅದು ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಎಳೆಯುತ್ತದೆ. ಅದರ ಶಕ್ತಿ ನಿಂತಿರುವುದು ಎಷ್ಟು ಡೀಸೆಲ್ ಬಿಡುತ್ತೀರಿ ಎಂಬುದರ ಮೇಲೆ. ಇದ್ದ ಗಾಳಿಯೇ ಮಿಕ್ಕುತ್ತಿರುವಾಗ ಮೇಲಿಂದ ಗ್ಯಾಸು ಕೊಟ್ಟರೆ ಏನೂ ಆಗುವುದಿಲ್ಲ. ಗ್ಯಾಸಿಗೆ ಕೆಲಸ ಬೇಕಲ್ವಾ? ಅದಕ್ಕೆ ಮೊದಲು ಕಂಪ್ಯೂಟರ್ ಹಚ್ಚಿ ರೀಮ್ಯಾಪ್ ಮಾಡಿಸಿ ಡೀಸೆಲ್ ಜಾಸ್ತಿ ಬಿಡಿಸಬೇಕು. ಸೈಲೆನ್ಸರಿನಿಂದ ಕರಿ ಹೊಗೆ ಬರಬೇಕು. ಹೊಗೆ ಬಂತು ಅಂದರೆ ಸುಡದ ಡೀಸೆಲ್ ಉಳಿದಿದೆ ಅಂತ ಲೆಕ್ಕ. ಆಮೇಲೆ ಆ ಹೊಗೆಯನ್ನು ಸುಡುವುದಕ್ಕೆ ಗ್ಯಾಸು. ದುಡ್ಡು ಕೊಟ್ಟು ಹೊಗೆ ಮಾಡಿಕೊಳ್ಳುವುದು, ಮತ್ತೆ ದುಡ್ಡು ಕೊಟ್ಟು ಹೊಗೆ ತೆಗೆಯುವುದು.

ನನಗೆ ಈ ಹುಡುಗನ ಮೇಲೆ ಗೌರವ ಹುಟ್ಟಿದ್ದು ಇಲ್ಲಿ. ಇಂಥ ತಲೆ ಇದ್ದವನು ಗ್ಯಾರೇಜಿನಲ್ಲಿ ಯಾಕಿದ್ದಾನೆ? ಹೆದ್ದಾರಿ ಕೆಲಸದಲ್ಲಿ ಇರಬೇಕಿತ್ತು. ಅಲ್ಲಿಯೂ ಇದೇ ವಿದ್ಯೆ. ಮೊದಲು ಗುಡ್ಡವನ್ನು ನೆಟ್ಟಗೆ ಕಡಿಯುವುದು, ಮಳೆಗೆ ಗುಡ್ಡ ಜಾರಿದ ಮೇಲೆ ತಡೆಗೋಡೆಗೆ ಬೇರೆ ಟೆಂಡರು.

ಇರಲಿ, ಕಾರು ರೆಡಿ ಆಯಿತು ಅಂತಲೇ ಇಟ್ಟುಕೊಳ್ಳೋಣ. ಗುಂಡಿ ಒತ್ತುವುದು ಎಲ್ಲಿ? ನಾನು ಇದನ್ನು ಗಂಭೀರವಾಗಿ ತೆಗೆದುಕೊಂಡು ಕಾರವಾರದಿಂದ ಶಿರಸಿಯವರೆಗೆ ಮನಸ್ಸಿನಲ್ಲೇ ಹೊರಟೆ.

ಕಾಳಿ ಸೇತುವೆಯಿಂದ ಶುರು ಮಾಡೋಣ ಅಂದರೆ ಅಲ್ಲಿದ್ದ ಎರಡರಲ್ಲಿ ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಲಾರಿ ಸಮೇತ ಹೊಳೆಗೆ ಬಿತ್ತು. ಆ ಲಾರಿಗೆ ಯಾರೂ ನಾಸ್ ಹಾಕಿರಲಿಲ್ಲ ಎಂಬುದನ್ನು ಗಮನಿಸಬೇಕು. ಮುಂದೆ ಬಿಣಗಾ ಕಡೆಯ ಸುರಂಗ. ನೆಟ್ಟಗಿದೆ, ಒತ್ತಬಹುದು. ಆದರೆ ಅದನ್ನು 2023ರ ಮಳೆಗಾಲದಲ್ಲಿ ನೀರು ಸೋರುತ್ತದೆ ಅಂತ ಮುಚ್ಚಿಸಿದ್ದರು. ಮೇಲಿಂದ ನೀರು ಸುರಿಯುವಲ್ಲಿ ಹುಡುಗ ಗುಂಡಿ ಒತ್ತಿದರೆ ಮುಂದಿನ ಚಕ್ರ ನಿಂತಲ್ಲೇ ಜಾರುತ್ತದೆ. ಅಂಕೋಲೆ ದಾರಿಯಲ್ಲಿ ನಾಲ್ಕು ಲೇನು ಸಿಗುತ್ತದೆ. ಅಲ್ಲಿ ಮಳೆಗಾಲದ ರಾತ್ರಿ ದನಗಳು ಮಲಗಿರುತ್ತವೆ. ಊರಲ್ಲೆಲ್ಲ ಕೆಸರು, ಒಣ ಜಾಗ ಅಂದರೆ ಹೆದ್ದಾರಿ ಒಂದೇ, ಅವಕ್ಕೂ ಗೊತ್ತಿದೆ. ದನ ದಾಟಿದರೆ ಟೋಲು. ಟೋಲು ದಾಟಿದರೆ ಯಾವುದೋ ಕ್ರಾಸಿನಲ್ಲಿ ಬ್ಯಾರಿಕೇಡ್. ಅದರ ಮೇಲೆ ಜ್ಯುವೆಲ್ಲರಿ ಅಂಗಡಿಯ ಜಾಹೀರಾತು.

ಕುಮಟಾ ಬಂತು, ಎಡಕ್ಕೆ ತಿರುಗಿದಿರಿ. ಕತಗಾಲ ದಾಟಿದ ಮೇಲೆ ದೇವಿಮನೆ ಘಟ್ಟ. ಹೆಸರಿಗೆ ಇದೂ ರಾಷ್ಟ್ರೀಯ ಹೆದ್ದಾರಿ, 766ಇ. ಅಗಲ ಮಾಡುವ ಕೆಲಸ ಶುರುವಾಗಿ ಎಷ್ಟು ಮಳೆಗಾಲ ಕಳೆಯಿತು ಎಂಬ ಲೆಕ್ಕವನ್ನು ಇಲ್ಲಿಯ ಜನ ಬಿಟ್ಟುಬಿಟ್ಟಿದ್ದಾರೆ. ಹುಡುಗ ಬಹಳ ಆಸೆಯಿಂದ ಕಾದಿದ್ದ ಏರು ಇದೇ. ಅವನ ಮುಂದೆ ಜಲ್ಲಿ ಲಾರಿ, ಅದರ ಮುಂದೆ ಗ್ಯಾಸ್ ಟ್ಯಾಂಕರು, ಅದರ ಮುಂದೆ ಮದುವೆ ಟೆಂಪೋ. ಎಲ್ಲರೂ ಎರಡನೇ ಗೇರು. ತಿರುವಿನಿಂದ ತಿರುವಿಗೆ ಸಿಗುವ ಜಾಗದಲ್ಲಿ ಗುಂಡಿ ಒತ್ತಿ ಬಿಡುವಷ್ಟು ಹೊತ್ತೂ ಇಲ್ಲ. ಅಷ್ಟರಲ್ಲಿ ಹಿಂದಿನಿಂದ ಸಾರಿಗೆ ಬಸ್ಸು ಹಾರ್ನ್ ಹೊಡೆಯುತ್ತದೆ. ಕಂಡಕ್ಟರು ಕಿಟಕಿಯಿಂದ ಕೈ ಹಾಕಿ ಬಾಗಿಲ ತಗಡು ಬಡಿಯುತ್ತಾನೆ. ಬಸ್ಸು ಮುಂದೆ ಹೋಗುತ್ತದೆ. ಲಾರಿಯನ್ನೂ ದಾಟುತ್ತದೆ, ಟ್ಯಾಂಕರನ್ನೂ ದಾಟುತ್ತದೆ. ಆ ಡ್ರೈವರಿಗೆ ಬಂಡಲದಲ್ಲಿ ಚಹಾ ಕುಡಿಯುವ ಟೈಮು ಆಗಿದೆ, ಅಷ್ಟೇ. ಅದಕ್ಕಿಂತ ದೊಡ್ಡ ಬೂಸ್ಟು ಯಾವ ಸಿಲಿಂಡರಿನಲ್ಲೂ ಇಲ್ಲ.

ಒತ್ತಲು ಜಾಗ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. 5 ಕೆಜಿಯ ಸಿಲಿಂಡರ್ ಬಿಡದೆ ಒತ್ತಿದರೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಎಂಜಿನ್ ಅದಕ್ಕೂ ಮೊದಲೇ ಮುಗಿದರೆ ಸಿಲಿಂಡರಿನ ತಪ್ಪಲ್ಲ. ಈ ಡೀಸೆಲ್ ಎಂಜಿನ್ ಮೊದಲೇ ಒಳಗಿನ ಗಾಳಿಯನ್ನು 17 ಪಟ್ಟಿಗಿಂತ ಜಾಸ್ತಿ ಒತ್ತುವಂಥದ್ದು. ಮೇಲಿಂದ ಇನ್ನಷ್ಟು ಹೇರಿದರೆ ಮೊದಲು ಕ್ಲಚ್ ಜಾರುತ್ತದೆ, ಆಮೇಲೆ ಹೆಡ್ ಗ್ಯಾಸ್ಕೆಟ್, ಗ್ರಹಚಾರ ಕೆಟ್ಟಿದ್ದರೆ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬರುತ್ತದೆ. ಕೆಲವರು ಕೇಕಿನ ಕ್ರೀಮ್ ನೊರೆ ಮಾಡುವ ಪುಟ್ಟ ಗ್ಯಾಸ್ ಗುಂಡು ಆದೀತಾ ಅಂತ ಕೇಳುತ್ತಾರಂತೆ. ಗ್ಯಾಸು ಅದೇ. ಒಂದರಲ್ಲಿ 8 ಗ್ರಾಂ ಇರುತ್ತದೆ. ಎಂಜಿನ್ನಿಗೆ ಅದು ಒಂದು ಸೆಕೆಂಡಿಗೂ ಸಾಲದು, ಕೇಕಿಗೆ ಸಾಕು.

ಕಾರವಾರದವರಿಗೆ ಬೇರೆಯೇ ಒಂದು ಸೌಲಭ್ಯವಿದೆ. ನೈಟ್ರಸ್ ಸಿಲಿಂಡರಿನೊಳಗೆ ದ್ರವವಾಗಿ ಇರುವುದು 36.4 ಡಿಗ್ರಿವರೆಗೆ ಮಾತ್ರ. ಅದು ದಾಟಿದರೆ ದ್ರವವೂ ಇಲ್ಲ, ಗ್ಯಾಸೂ ಅಲ್ಲ ಎಂಬ ಸ್ಥಿತಿ. ಒಳಗಿನ ಒತ್ತಡ ಹೊರಗಿನ ಗಾಳಿಯ 70 ಪಟ್ಟು ಮೀರಿ ಸರಸರನೆ ಏರುತ್ತದೆ. ಏಪ್ರಿಲ್ ಮಧ್ಯಾಹ್ನ ಟಾಗೋರ್ ಬೀಚಿನ ಹತ್ತಿರ ಕಿಟಕಿ ಮುಚ್ಚಿ ಕಾರು ನಿಲ್ಲಿಸಿ, ಮೀನೂಟ ಮುಗಿಸಿ ಬನ್ನಿ. ಡಿಕ್ಕಿಯೊಳಗೆ ಎಷ್ಟು ಡಿಗ್ರಿ ಅಂತ ಹೇಳಬೇಕಾ? ಪಕ್ಕದಲ್ಲೇ ಚಪಲ್ ಯುದ್ಧನೌಕೆಯನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ, ಸಿಡಿಮದ್ದೆಲ್ಲ ತೆಗೆದು. ಈ ಕಾರು ಮಾತ್ರ ಲೋಡ್ ಆಗಿ ನಿಂತಿರುತ್ತದೆ.

ಈ ಗ್ಯಾಸಿನ ಸ್ವಂತ ಮನೆ ಆಸ್ಪತ್ರೆ. 1844ರಲ್ಲೇ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಇದನ್ನು ಸೇದಿಕೊಂಡು ತನ್ನ ಹಲ್ಲನ್ನೇ ಕೀಳಿಸಿಕೊಂಡಿದ್ದ. ನಗೆ ಗ್ಯಾಸು ಅಂತ ಹೆಸರು ಬಿದ್ದದ್ದು ಅದಕ್ಕೂ ಮೊದಲು. ಇವತ್ತಿಗೂ ಆಪರೇಷನ್ ಥಿಯೇಟರಿನಲ್ಲಿ ನೀಲಿ ಬಣ್ಣದ ಸಿಲಿಂಡರು ಕಂಡರೆ ಅದು ಇದೇ. ನಮ್ಮ ಜಿಲ್ಲೆಯವರು ಒಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ವರ್ಷಗಟ್ಟಲೆ ಕೇಳುತ್ತಿದ್ದಾರೆ. ಸೀರಿಯಸ್ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಆಸ್ಪತ್ರೆ ಬರಲಿಲ್ಲ, ಗ್ಯಾಸು ಬರುತ್ತಿದೆ. ಡಿಕ್ಕಿಯಲ್ಲಿ ಸಿಲಿಂಡರ್, ಹಿಂದಿನ ಸೀಟಿನಲ್ಲಿ ರೋಗಿ, ಮುಂದೆ ಗುಂಡಿ. ಮಣಿಪಾಲಕ್ಕೆ ಹೋಗುವ ದಾರಿಯಲ್ಲೇ ಚಿಕಿತ್ಸೆ ಶುರು ಮಾಡಬಹುದು. ಇದನ್ನು ಯಾರಾದರೂ ಚುನಾವಣೆ ಹೊತ್ತಿಗೆ ಯೋಜನೆ ಅಂತ ಘೋಷಿಸಿದರೆ ನನಗೆ ಆಶ್ಚರ್ಯ ಇಲ್ಲ.

ಕಾನೂನು ಇಲ್ಲ ಅಂತಲ್ಲ. ಒಪ್ಪಿಗೆ ಇಲ್ಲದೆ ಗಾಡಿ ಬದಲಾಯಿಸಿದರೆ ಒಂದೊಂದು ಬದಲಾವಣೆಗೆ 5 ಸಾವಿರ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು ಅಂತ 2019ರ ತಿದ್ದುಪಡಿಯಲ್ಲೇ ಇದೆ. ಹುಡುಗನಿಗೂ ಗೊತ್ತು. ಆದರೆ ತಪಾಸಣೆಗೆ ನಿಂತವರು ನೋಡುವುದು ಗಾಜಿನ ಕಪ್ಪು ಫಿಲ್ಮ್ ಮತ್ತು ಸೀಟ್ ಬೆಲ್ಟು ಎಂಬುದು ಅವನ ಅನುಭವ. ಡಿಕ್ಕಿ ತೆಗೆಸಿದರೆ ಏನು ಹೇಳ್ತೀಯ ಅಂತ ಕೇಳಿದೆ. ‘ಅಜ್ಜಿಗೆ ದಮ್ಮಿದೆ, ಅವರ ಸಿಲಿಂಡರು ಅಂತೀನಿ’ ಅಂದ. ಅಜ್ಜಿ ಒಳಗಿನಿಂದ ಕೇಳಿಸಿಕೊಂಡು ‘ನಂಗೆಂತಾ ದಮ್ಮೋ’ ಅಂತ ಬೈದರು.

ಅಪ್ಪ ಇಷ್ಟು ಹೊತ್ತೂ ಮೆತ್ತಿನ ಮೇಲೆ ಅಡಿಕೆ ಆರಿಸುತ್ತಿದ್ದರು. ಮಗನ ಹಾಳು ಬುದ್ಧಿಗೆ ಇನ್ನೇನು ಬೈಗುಳ ಬೀಳುತ್ತದೆ ಅಂತ ನಾನು ಕಾದೆ. ಅವರು ಕೆಳಗೆ ಬಂದು ಗುಂಡಿ ಇಡುವ ಜಾಗ ನೋಡಿದರು, ಡಿಕ್ಕಿ ನೋಡಿದರು. ಆಮೇಲೆ ಕೇಳಿದರು:

‘ತಮಾ, ಇದು ತೋಟದ ಪಂಪ್‌ಸೆಟ್ಟಿಗೆ ಬತ್ತಾ?’

ಮಗ ಯೋಚನೆಗೆ ಬಿದ್ದಿದ್ದಾನೆ.