ಹಳೇ ಫೋರ್ಕ್‌ಲಿಫ್ಟ್ ನೋಡಲು ಹೋಗುವಾಗ ಜೇಬಲ್ಲಿ ಒಂದು ವರ್ನಿಯರ್ ಇರಲಿ

ಈ ತಿಂಗಳಲ್ಲೇ ಮೂರು ಜನ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದಾರೆ. ಮೂರೂ ಸೆಕೆಂಡ್ ಹ್ಯಾಂಡ್ ಫೋರ್ಕ್‌ಲಿಫ್ಟ್. ಮೂರಕ್ಕೂ ಫಳಫಳ ಹೊಸ ಬಣ್ಣ. ಕೆಳಗೆ ಒಂದೇ ಪ್ರಶ್ನೆ: "ಅಣ್ಣಾ, ತಗೋಬಹುದಾ?"

ಫೋಟೋ ನೋಡಿ ನಾನು ಏನೂ ಹೇಳಲಾರೆ. ಎಂಟು ವರ್ಷದ ಹಿಂದೆ ನಾನೂ ಬಣ್ಣ ನೋಡಿಯೇ ತಗೊಂಡಿದ್ದೆ. ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಫ್ಯಾಬ್ರಿಕೇಶನ್ ಶೆಡ್ಡು. ಶೀಟು ಬಂದಾಗಲೆಲ್ಲ ಹೈಡ್ರಾ (ಬಾಡಿಗೆ ಕ್ರೇನು) ಕರೆಸಬೇಕು, ಅದು ಬರುವ ತನಕ ಲಾರಿಯವನು ಗೊಣಗುತ್ತಾ ಕಾಯಬೇಕು. ಬಾಡಿಗೆ ಕೊಟ್ಟು ಕೊಟ್ಟು ಸಾಕಾಗಿ, ಮೂರು ಟನ್ನಿನ ಹಳೇ ಡೀಸೆಲ್ ಗಾಡಿ ನೋಡಿದೆ. ಇಂಜಿನ್ ಸದ್ದು ಚೆನ್ನಾಗಿತ್ತು. ಚೌಕಾಸಿ ಮಾಡಿ 25 ಸಾವಿರ ಇಳಿಸಿದೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿ ಒಳಗೆ ತಂದೆವು.

ಮೂರನೇ ವಾರ ಎಂಟು-ನಾಲ್ಕು ಅಡಿಯ ಶೀಟಿನ ಬಂಡಲ್ ಬಂತು. ಸುಮಾರು ಎರಡು ಟನ್. ಜಾಗ ಇಕ್ಕಟ್ಟು ಅಂತ ನಾಲ್ಕಡಿ ಬದಿಯಿಂದ ಫೋರ್ಕು, ಅಂದರೆ ಗಾಡಿಯ ಮುಂದಿನ ಎರಡು ಉಕ್ಕಿನ ತೋಳು, ತೂರಿಸಿದರು. ಎತ್ತುತ್ತಿದ್ದ ಹಾಗೆ ಗಾಡಿಯ ಹಿಂದಿನ ಚಕ್ರ ನೆಲ ಬಿಟ್ಟಿತು. ಇಬ್ಬರು ಹುಡುಗರು ಓಡಿ ಬಂದು, ಗಾಡಿ ಮುಂದಕ್ಕೆ ಮಗುಚದಿರಲಿ ಅಂತ ಹಿಂದೆ ಕೂರಿಸಿರುವ ತೂಕದ ಮೇಲೆ ಹತ್ತಿ ನಿಂತರು. ಗಾಡಿ ಕೂತಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಮಾತ್ರ ನಿದ್ದೆ ಹತ್ತಲಿಲ್ಲ. ಬಂಡಲ್ ಅಲುಗದಂತೆ ಮುಂದೆ ಒಬ್ಬ ಹುಡುಗ ಕೈಯಿಂದ ಹಿಡಿದುಕೊಂಡಿದ್ದ. ಬರೀ ಹವಾಯಿ ಚಪ್ಪಲಿ ಹಾಕಿದ್ದ.

ಮೂರು ಟನ್ನಿನ ಗಾಡಿ ಎರಡು ಟನ್ ಎತ್ತಲಾರದೇ? ಇಲ್ಲೇ ಎಲ್ಲರೂ ಎಡವುವುದು. ಆ ಮೂರು ಟನ್ ಅನ್ನುವ ಮಾತು, ಭಾರದ ನಡುಭಾಗ ಫೋರ್ಕಿನ ಬುಡದಿಂದ 500 ಮಿ.ಮೀ. ದೂರದಲ್ಲಿದ್ದಾಗ ಮಾತ್ರ ನಿಜ. ಎಂಟಡಿ ಬದಿಯಿಂದ ಎತ್ತಿದ್ದರೆ ನಡುಭಾಗ ಎರಡಡಿ, ಅಂದರೆ 610 ಮಿ.ಮೀ. ಆಗುತ್ತಿತ್ತು. ನಾವು ಎತ್ತಿದ್ದು ನಾಲ್ಕಡಿ ದೂರಕ್ಕೆ. ಹಳ್ಳಿಯ ಏತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರ ದೂರ ಹೋದಷ್ಟೂ ಹಿಂದೆ ತೂಕ ಜಾಸ್ತಿ ಬೇಕು. ಎಷ್ಟು ದೂರಕ್ಕೆ, ಎಷ್ಟು ಎತ್ತರಕ್ಕೆ ಎಷ್ಟು ಭಾರ ಎಂಬುದು ಗಾಡಿಯ ಪ್ಲೇಟಿನ ಮೇಲೆ ಬರೆದಿರುತ್ತದೆ. ನನ್ನ ಗಾಡಿಯಲ್ಲಿ ಆ ಪ್ಲೇಟೇ ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ಬಣ್ಣ ತುಂಬಿಕೊಂಡ ನಾಲ್ಕು ರಿವೆಟ್ ತೂತುಗಳಿದ್ದವು. ಕೊಳ್ಳುವ ದಿನ ಅವು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಮರುದಿನ ಹಳೇ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ಇಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಫೋರ್ಕಿನ ಹಿಮ್ಮಡಿ, ಅಂದರೆ ಅದು ಬಾಗಿ ಮುಂದಕ್ಕೆ ಚಾಚುವ ಜಾಗ, ಅಲ್ಲಿನ ಬಣ್ಣ ಕೆರೆದರು. ಒಳಗೆ ವೆಲ್ಡಿಂಗ್ ಗೆರೆ. ಗ್ರೈಂಡ್ ಮಾಡಿ, ಪಟ್ಟಿ ಹಾಕಿ, ಬಣ್ಣ ಬಳಿದಿದ್ದರು. ಫೋರ್ಕು ಹದ ಹಾಕಿದ ಉಕ್ಕು. ಮಾಮೂಲಿ ವೆಲ್ಡಿಂಗ್ ಮಾಡಿದರೆ ಆ ಹದವೇ ಹೋಗುತ್ತದೆ. ಅವರು ಆವತ್ತು ಕಲಿಸಿದ್ದನ್ನು ಈಗಲೂ ಮಾಡುತ್ತೇನೆ. ನೆಟ್ಟಗೆ ನಿಂತಿರುವ ಭಾಗ ಸವೆಯುವುದಿಲ್ಲ, ಮೊದಲು ಅಲ್ಲಿ ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿದು ದಪ್ಪ ಅಳೆಯಬೇಕು. ಆಮೇಲೆ ಹಿಮ್ಮಡಿಯಲ್ಲಿ. ಮೇಲೆ 45 ಮಿ.ಮೀ. ಇದ್ದು ಕೆಳಗೆ 40 ಬಂದರೆ ಆ ಫೋರ್ಕು ಗುಜರಿಗೆ. ದಪ್ಪ ನೂರಕ್ಕೆ ಹತ್ತು ಸವೆದರೆ ತಾಕತ್ತು ನೂರಕ್ಕೆ ಇಪ್ಪತ್ತರಷ್ಟು ಹೋಗಿರುತ್ತದೆ.

ಫೋರ್ಕನ್ನು ಮೇಲೆತ್ತುವ ಚೈನಿಗೂ ಅಳತೆ ಇದೆ. ತುದಿಯ ಹತ್ತಿರ, ರೋಲರ್ ಮೇಲೆ ಹಾಯದ ಭಾಗದಲ್ಲಿ ಹತ್ತಿಪ್ಪತ್ತು ಪಿನ್ ಎಣಿಸಿ ಟೇಪ್ ಹಿಡಿಯಿರಿ. ಹಾಯುವ ಭಾಗದಲ್ಲೂ ಅಷ್ಟೇ ಪಿನ್ ಅಳೆಯಿರಿ. ಹಾಯದ ಭಾಗ 300 ಮಿ.ಮೀ. ಇದ್ದು ಹಾಯುವ ಭಾಗ 309 ಆಗಿದ್ದರೆ ಚೈನು ಬದಲಿಸಲೇಬೇಕು. ಇನ್ನು ಸೀಲು, ಅಂದರೆ ಭಾರ ಎತ್ತುವ ಸಿಲಿಂಡರಿನ ಎಣ್ಣೆ ಸೋರದಂತೆ ತಡೆಯುವುದು. ಭಾರ ಎತ್ತಿಸಿ, ಇಂಜಿನ್ ಆಫ್ ಮಾಡಿಸಿ, ಮಾಸ್ಟಿನ (ಫೋರ್ಕು ಏರಿಳಿಯುವ ಮುಂದಿನ ಕಂಬದ) ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಹತ್ತು ನಿಮಿಷ ದೂರ ನಿಂತು ಟೀ ಕುಡಿಯಿರಿ. ಆ ಹತ್ತು ನಿಮಿಷದಲ್ಲಿ ಮಾರುವವರು ಬೇರೆ ಏನೇನೋ ತೋರಿಸಲು ಕರೆಯುತ್ತಾರೆ, ಹೋಗಬೇಡಿ. ಭಾರ ಗೆರೆ ಬಿಟ್ಟು ಇಳಿಯುತ್ತಿದ್ದರೆ ಅದು ನಿಮ್ಮ ಶೆಡ್ಡಿನಲ್ಲೂ ಇಳಿಯುತ್ತದೆ. ಹೋಗುವ ಮುಂಚೆ ಫೋನ್ ಮಾಡಿ "ಸ್ಟಾರ್ಟ್ ಮಾಡಿಡಬೇಡಿ" ಅಂತ ಹೇಳಿ. ಡೀಸೆಲ್ ಗಾಡಿಯ ನಿಜವಾದ ಹೊಗೆ ಕಾಣುವುದು ಇಂಜಿನ್ ತಣ್ಣಗಿದ್ದಾಗಲೇ. ಗಾಡಿ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನಂಬಬೇಡಿ. ಬ್ರೇಕ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ ನೋಡಿ.

ಬ್ಯಾಟರಿ ಗಾಡಿ ಒಳ್ಳೆಯದಾ ಅಂತ ಜಾಸ್ತಿ ಜನ ಕೇಳುತ್ತಾರೆ. ಮುಚ್ಚಿದ ಗೋಡೌನಿಗೆ ಅದೇ ಒಳ್ಳೆಯದು, ಹೊಗೆ ಇಲ್ಲ. ಆದರೆ ಹಳೇ ಗಾಡಿಯಲ್ಲಿ ನೀವು ಕೊಳ್ಳುವುದು ಮುಖ್ಯವಾಗಿ ಬ್ಯಾಟರಿಯನ್ನು. ಅದು ಸತ್ತಿದ್ದರೆ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಅಗ್ಗವಲ್ಲ. ಚಾರ್ಜ್ ತುಂಬಿಸಿ ಅರ್ಧ ದಿನ ಓಡಿಸಿ ನೋಡಲು ಬಿಡದಿದ್ದರೆ ವಾಪಸ್ ಬನ್ನಿ. ಸಿಕ್ಕಿದ ಹಗುರ ಬ್ಯಾಟರಿ ಹಾಕಿಸುವುದೂ ತಪ್ಪು. ಹಿಂದಿನ ಭಾರದ ಲೆಕ್ಕದಲ್ಲಿ ಬ್ಯಾಟರಿಯ ತೂಕವೂ ಸೇರಿರುತ್ತದೆ.

ಮನೆ ಪಕ್ಕದಲ್ಲೇ ಶೆಡ್ಡು ಇರುವವರಿಗೆ ಒಂದು ಮಾತು. ಗೇಟಿನ ಒಳಗೆ ಸಂಪ್ ಎಲ್ಲಿದೆ? ಮೂರು ಟನ್ನಿನ ಗಾಡಿ ತಾನೇ ನಾಲ್ಕು ಟನ್ನಿನ ಮೇಲಿರುತ್ತದೆ. ಭಾರ ಎತ್ತಿದಾಗ ಹೆಚ್ಚುಕಮ್ಮಿ ಎಲ್ಲ ತೂಕವೂ ಮುಂದಿನ ಎರಡು ಚಕ್ರಕ್ಕೆ ಬರುತ್ತದೆ. ಸಂಪಿನ ಸ್ಲ್ಯಾಬ್ ಅದಕ್ಕಾಗಿ ಹಾಕಿದ್ದಲ್ಲ. ಶಟರ್ ಎತ್ತರ, ಮಾಸ್ಟ್ ಪೂರ್ತಿ ಇಳಿಸಿದಾಗಿನ ಎತ್ತರ, ಎರಡನ್ನೂ ಅಳೆದುಕೊಂಡೇ ಹೊರಡಿ.

ಸೆಕೆಂಡ್ ಹ್ಯಾಂಡ್ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮಂಥವರಿಗೆ ಅದೇ ಸರಿ. ದಿನಕ್ಕೆ ಒಂದು ಗಂಟೆ ಕೆಲಸಕ್ಕೆ ಹೊಸ ಗಾಡಿಯ ಸಾಲ ಹೊರುವುದು ಬೇಕಿಲ್ಲ. ಆದರೆ ಹೊಸ ಫೋರ್ಕು, ಚೈನು, ಸೀಲ್ ಕಿಟ್ ಇವುಗಳ ಖರ್ಚನ್ನು ಮೊದಲೇ ಗಾಡಿಯ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಚೌಕಾಸಿ ಬಣ್ಣದ ಮೇಲೆ, ಟೈರಿನ ಮೇಲೆ, ಸೀಟಿನ ಮೇಲೆ ಎಷ್ಟು ಬೇಕಾದರೂ ಮಾಡಿ. ಫೋರ್ಕಿನ ಮೇಲೆ ಬೇಡ. ಅದರ ಕೆಳಗೆ ಯಾರದೋ ಮನೆಯ ಮಗ ನಿಂತಿರುತ್ತಾನೆ, ಅಲ್ವಾ?

ನನ್ನ ಗಾಡಿಗೆ ಆ ವಾರವೇ ಹೊಸ ಜೋಡಿ ಫೋರ್ಕು ಹಾಕಿಸಿದೆ. ಕಂಪನಿಗೆ ಸೀರಿಯಲ್ ನಂಬರ್ ಬರೆದು ಕಳಿಸಿ ಪ್ಲೇಟ್ ತರಿಸಿದೆ. ಇವತ್ತಿಗೂ ಓಡುತ್ತಿದೆ. ಈಗ ಹಿಂದಿನ ತೂಕದ ಮೇಲೆ ಯಾರೂ ಹತ್ತುವುದಿಲ್ಲ, ಎತ್ತುವಾಗ ಮುಂದೆ ಯಾರೂ ನಿಲ್ಲುವುದಿಲ್ಲ.

ಪೀಣ್ಯ, ದಾಬಸ್‌ಪೇಟೆ ಕಡೆ ಯಾರಾದರೂ ಗಾಡಿ ನೋಡಲು ಹೊರಟರೆ ಒಂದು ಮೆಸೇಜ್ ಹಾಕಿ. ಭಾನುವಾರ ನಾನು ಬಿಡುವು. ವರ್ನಿಯರ್, ಟೇಪ್, ಸೀಮೆಸುಣ್ಣ ತಗೊಂಡು ಜೊತೆಗೆ ಬರುತ್ತೇನೆ.